ಗಾಡಿ ಹತ್ತಿದಾಗಲೆಲ್ಲ ತಲೆನೋವೇ? ಬಾನೆಟ್ ಎತ್ತಿ ನೋಡಿ

ವಡಗೇರಾದಿಂದ ಕಲಬುರಗಿಯ ಉರುಸಿಗೋ, ಶಹಾಪುರದ ನಿಕಾಹ್‌ಗೋ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೊರಡುತ್ತೀರಿ. ದಾರಿಯಲ್ಲಿ ಮಕ್ಕಳು ವಾಂತಿ ಮಾಡಿಕೊಳ್ಳುತ್ತವೆ, ದಾದಿಗೆ ತಲೆ ಸಿಡಿಯುತ್ತದೆ, ಹಿಂದೆ ಕುಳಿತವರು ಮಂಕಾಗಿ ತೂಕಡಿಸುತ್ತಾರೆ. ಗಾಡಿ ಇಳಿದು ಸ್ವಲ್ಪ ಹೊತ್ತು ಗಾಳಿಗೆ ಕುಳಿತರೆ ಎಲ್ಲರೂ ಸುಧಾರಿಸಿಕೊಳ್ಳುತ್ತಾರೆ. ಬಿಸಿಲು ಎನ್ನುತ್ತೇವೆ, ಪಿತ್ತ ಎನ್ನುತ್ತೇವೆ, ನಜರ್ ಆಗಿದೆ ಎನ್ನುತ್ತೇವೆ. ರಮಝಾನಿನಲ್ಲಾದರೆ ರೋಝಾದ ತಲೆನೋವು ಎನ್ನುತ್ತೇವೆ. ಒಬ್ಬರಿಗೆ ಮಾತ್ರ ಹಾಗಾದರೆ ಅದೂ ಇರಬಹುದು. ಆದರೆ ಅದೇ ಗಾಡಿ ಹತ್ತಿದಾಗಲೆಲ್ಲ ಎರಡು ಮೂರು ಜನಕ್ಕೆ ಒಟ್ಟಿಗೆ ಹೀಗಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಗಾಡಿಯ ಹೊಗೆಯನ್ನು.

ನಮ್ಮ ಭಾಗದಲ್ಲಿ ಹಳೆಯ ಗಾಡಿಗಳಿಗೆ ಕೊರತೆಯಿಲ್ಲ. ಟಾಟಾ ಸುಮೊ ಮಾರುಕಟ್ಟೆಗೆ ಬಂದದ್ದು 1994ರಲ್ಲಿ, ಬೊಲೆರೊ 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ. ಕೈಯಿಂದ ಕೈಗೆ ಬದಲಾಗುತ್ತ ಇವು ಇನ್ನೂ ಓಡುತ್ತಿವೆ, ಎಂಜಿನ್ನೂ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಸೋಲುವುದು ಹೊಗೆಯ ದಾರಿ.

ಎಂಜಿನ್ನಿನ ಪ್ರತಿ ಸಿಲಿಂಡರಿನಿಂದ ಹೊರಬರುವ ಹೊಗೆಯನ್ನು ಒಟ್ಟುಗೂಡಿಸಿ ಒಂದೇ ಕೊಳವೆಗೆ ಬಿಡುವ ಎರಕದ ಕಬ್ಬಿಣದ ಭಾಗಕ್ಕೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದು ನೂರಾರು ಡಿಗ್ರಿ ಕಾಯುತ್ತದೆ, ಗಾಡಿ ನಿಂತಾಗ ತಣಿಯುತ್ತದೆ. ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ ವರ್ಷಾನುಗಟ್ಟಲೆ ದುಡಿದ ಮೇಲೆ ಸಣ್ಣ ಬಿರುಕು ಬಿಡುತ್ತದೆ. ಇಲ್ಲವೇ ಎಂಜಿನ್ನಿಗೂ ಅದಕ್ಕೂ ನಡುವಿನ ಪ್ಯಾಕಿಂಗ್ ಸುಡುತ್ತದೆ, ಬಿಗಿಹಿಡಿದ ಸ್ಟಡ್ ಮುರಿಯುತ್ತದೆ. ಮಳೆಗಾಲದಲ್ಲಿ ಕಾದ ಗಾಡಿಯನ್ನು ತುಂಬಿದ ಹಳ್ಳಕ್ಕೆ ಇಳಿಸಿದರೆ ಕೆಂಡದಂಥ ಕಬ್ಬಿಣದ ಮೇಲೆ ತಣ್ಣೀರು ಬೀಳುತ್ತದೆ. ಬಿರುಕಿಗೆ ಅಷ್ಟೇ ಸಾಕು.

ಬಿರುಕಿನಿಂದ ನುಗ್ಗಿದ ಹೊಗೆ ಹಿಂದಿನ ಸೈಲೆನ್ಸರಿಗೆ ಹೋಗದೆ ಬಾನೆಟ್ಟಿನೊಳಗೇ ತುಂಬಿಕೊಳ್ಳುತ್ತದೆ. ಅಲ್ಲಿಂದ ನೀವು ಕುಳಿತಲ್ಲಿಗೆ ಬರಲು ಅದಕ್ಕೆ ದಾರಿಗಳುಂಟು: ಪೆಡಲುಗಳ ಬಳಿ ಸವೆದ ರಬ್ಬರು, ವೈರು ಹಾಯಿಸಲು ಕೊರೆದ ತೂತು, ಹೊರಗಾಳಿ ಎಳೆದುಕೊಳ್ಳುವ ಬ್ಲೋವರ್. ಹಿಂಬಾಗಿಲಿನ ರಬ್ಬರ್ ಹರಿದಿದ್ದರೆ ಅದೂ ಒಂದು ದಾರಿ. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ, ಅದು ಸೈಲೆನ್ಸರಿನ ಹೊಗೆಯನ್ನು ಸೆಳೆದುಕೊಳ್ಳುತ್ತದೆ. ವಲೀಮಾದ ಡೇಗು ಹಿಡಿಸಲೆಂದು ಹಿಂಬಾಗಿಲನ್ನು ಅರ್ಧ ತೆರೆದು ಹಗ್ಗ ಕಟ್ಟಿ ಓಡಿಸಿದರೆ ಹಿಂದಿನ ಅಡ್ಡ ಸೀಟಿನ ಮಕ್ಕಳು ಹೊಗೆಯಲ್ಲೇ ಪ್ರಯಾಣ ಮಾಡಿದಂತೆ.

ಇದು ಬಡವರ ಹಳೆಯ ಗಾಡಿಗೆ ಮಾತ್ರ ಬರುವ ಕಾಯಿಲೆ ಎಂದುಕೊಳ್ಳಬೇಡಿ. ಅಮೆರಿಕದ ಆಸ್ಟಿನ್ ನಗರದ ಪೊಲೀಸರು 2017ರಲ್ಲಿ ಸುಮಾರು 400 ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳನ್ನು ಓಡಿಸುವುದನ್ನೇ ನಿಲ್ಲಿಸಿದರು. ಒಳಗೆ ಕುಳಿತ ಸಿಬ್ಬಂದಿಗೆ ಹೊಗೆಯ ವಿಷ ತಾಗಿತ್ತು. ಆ ಬಗೆಯ ಕೆಲವು ಪೊಲೀಸ್ ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಬಿರುಕು ಬಿಟ್ಟದ್ದನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಕಂಡಿತು. 2023ರಲ್ಲಿ ತನಿಖೆ ಮುಗಿಸುವಾಗ ಅದು ಹೇಳಿದ್ದು: ಹೆಚ್ಚಿನ ಗಾಡಿಗಳಲ್ಲಿ ಅನಿಲದ ಮಟ್ಟ ಅಪಾಯದ್ದಾಗಿರಲಿಲ್ಲ, ಹೆಚ್ಚು ಕಂಡದ್ದು ಹಿಂಬದಿಗೆ ಗುದ್ದಿಸಿಕೊಂಡ ಅಥವಾ ಉಪಕರಣ ಕೂರಿಸಲು ತೂತು ಕೊರೆದು ಸರಿಯಾಗಿ ಮುಚ್ಚದ ಗಾಡಿಗಳಲ್ಲಿ. ಸ್ಪೀಕರಿಗೆ, ದೀಪಕ್ಕೆ, ಕ್ಯಾರಿಯರಿಗೆಂದು ನಾವು ಎಷ್ಟು ತೂತು ಕೊರೆಸಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿ.

ಹೊಗೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಮೆದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಈ ಅನಿಲ ಪೆಟ್ರೋಲ್ ಗಾಡಿಯಷ್ಟು ಬರುವುದಿಲ್ಲ, ಕಣ್ಣು ಗಂಟಲು ಉರಿದು ಮುನ್ಸೂಚನೆಯೂ ಸಿಗುತ್ತದೆ. ಹಾಗೆಂದು ಡೀಸೆಲ್ ಹೊಗೆ ವಾಸಿಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪೆಟ್ರೋಲ್ ಅಥವಾ ಗ್ಯಾಸ್ ಕಿಟ್ ಗಾಡಿಯವರು ಇನ್ನೂ ಎಚ್ಚರವಾಗಿರಬೇಕು, ಅಲ್ಲಿ ವಾಸನೆಯನ್ನು ನಂಬಿ ಕೂರುವಂತಿಲ್ಲ. ಮೂಗಿಗೆ ದುಪಟ್ಟಾ ಹಿಡಿದರೆ, ಮಾಸ್ಕ್ ಹಾಕಿದರೆ ಧೂಳು ತಡೆಯಬಹುದು, ಈ ಅನಿಲವನ್ನಲ್ಲ.

ಪತ್ತೆ ಮಾಡುವುದು ಕಷ್ಟವಲ್ಲ. ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. ಎಂಜಿನ್ನಿನ ಪಕ್ಕದಿಂದ ಟಿಕ್ ಟಿಕ್ ಅಥವಾ ಪುಸ್ ಪುಸ್ ಸದ್ದು ಬಂದು, ಗಾಡಿ ಕಾದ ಮೇಲೆ ಕಡಿಮೆಯಾದರೆ ಅದು ಮ್ಯಾನಿಫೋಲ್ಡಿನ ಸೋರಿಕೆಯ ಗುರುತು. ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಂಡಿರುತ್ತದೆ, ವಾಸಿಯಾಗಿರುವುದಿಲ್ಲ. ಜೋಡಣೆಯ ಸುತ್ತ ಕಾಡಿಗೆಯಂಥ ಕಪ್ಪು ಮಸಿ ಇದೆಯೇ ನೋಡಿ. ಟರ್ಬೊ ಇರುವ ಗಾಡಿಯಾದರೆ ಎಳೆತವೂ ತಗ್ಗುತ್ತದೆ. ಕೈ ಮಾತ್ರ ಇಡಬೇಡಿ, ಚರ್ಮ ಸುಲಿದು ಬರುತ್ತದೆ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆ ಎಂದು ನಿಶ್ಚಿಂತರಾಗಬೇಡಿ. ಆ ಪರೀಕ್ಷೆ ಸೈಲೆನ್ಸರಿನ ಬಾಯಿಯದ್ದು, ನಡುದಾರಿಯ ಸೋರಿಕೆಯದ್ದಲ್ಲ.

ಗ್ಯಾರೇಜಿನಲ್ಲಿ ಮಿಸ್ತ್ರಿ ಲಪ್ಪ ಮೆತ್ತಿ ಕಳಿಸುತ್ತೇನೆ ಎಂದರೆ ಒಪ್ಪಬೇಡಿ, ಆ ಕಾವಿಗೆ ಅದು ನಿಲ್ಲುವುದಿಲ್ಲ. ಎರಕದ ಕಬ್ಬಿಣಕ್ಕೆ ಸಾದಾ ವೆಲ್ಡಿಂಗ್ ಹೊಡೆದರೆ ಪಕ್ಕದಲ್ಲೇ ಮತ್ತೆ ಸೀಳುವುದು ಹೆಚ್ಚು. ಪ್ಯಾಕಿಂಗ್, ಸ್ಟಡ್ ಮಾತ್ರ ಹೋಗಿದ್ದರೆ ಅಷ್ಟನ್ನೇ ಬದಲಿಸಿದರೆ ಸಾಕು. ಮ್ಯಾನಿಫೋಲ್ಡೇ ಬಿರಿದಿದ್ದರೆ ಬೇರೆಯದನ್ನು ಹಾಕಿಸಿ. ಮುಖ ಸೊಟ್ಟಗಾಗಿದೆಯೇ ಎಂದು ಅಳತೆಪಟ್ಟಿ ಇಟ್ಟು ನೋಡಲು ಹೇಳಿ, ಇಲ್ಲದಿದ್ದರೆ ಹೊಸ ಪ್ಯಾಕಿಂಗೂ ಸುಡುತ್ತದೆ. ಜೊತೆಗೆ ಹಿಂಬಾಗಿಲಿನ ರಬ್ಬರ್ ಹಾಕಿಸಿ, ತೂತುಗಳನ್ನು ಮುಚ್ಚಿಸಿ. ಅಲ್ಲಿಯವರೆಗೆ ಎಲ್ಲ ಕಿಟಕಿ ತೆರೆದೇ ಓಡಿಸಿ. ಮಕ್ಕಳನ್ನು ಎಸಿಯಲ್ಲಿ ಮಲಗಿಸಿ ಗಾಡಿ ಚಾಲೂ ಇಟ್ಟು ಶಾದಿಮಹಲಿನೊಳಗೆ ಹೋಗುವುದನ್ನಂತೂ ಬಿಟ್ಟೇಬಿಡಿ. ಕೇರಳದ ವಡಕರ ಬಳಿ 2024ರ ಡಿಸೆಂಬರ್‌ನಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಎಸಿ ಹಾಕಿ ಮಲಗಿದ್ದ ಇಬ್ಬರು ಮತ್ತೆ ಏಳಲಿಲ್ಲ. ಜನರೇಟರಿನ ಹೊಗೆ ಒಳಗೆ ಬಂದಿತ್ತು.

ದಾರಿಯಲ್ಲೇ ಯಾರಾದರೂ ಮಂಕಾದರೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಿ. ಎಬ್ಬಿಸಿದರೂ ಏಳದಿದ್ದರೆ ಅದು ನಿದ್ದೆಯಲ್ಲ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಗಾಡಿಯ ಹೊಗೆಯ ಅನುಮಾನವನ್ನು ನೀವಾಗಿಯೇ ಹೇಳಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸದೆ 98, 99 ಎಂದು ತೋರಿಸಬಹುದು, ರಕ್ತ ಪರೀಕ್ಷೆಯೇ ಆಗಬೇಕು. ಬರಿಯ ಗಾಳಿಯಲ್ಲಿ ಈ ಅನಿಲ ರಕ್ತದಲ್ಲಿ ಅರ್ಧಕ್ಕಿಳಿಯಲು 4–5 ತಾಸು ಬೇಕು, ಮಾಸ್ಕಿನಿಂದ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ತಾಸು. ಗಾಡಿಯಲ್ಲಿ ಬಸುರಿ ಇದ್ದರೆ, ಆಕೆ ತನಗೇನೂ ಆಗಿಲ್ಲ ಎಂದರೂ ತೋರಿಸಿ. ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಈ ವಿಷ ಇಳಿಯಲು ತಾಯಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.