ಬೆಂಗಳೂರು – ದೆಹಲಿ: ವಿಮಾನ ಪ್ರಯಾಣದ ದೂರ, ಅವಧಿ ಹಾಗೂ ಪ್ರಯಾಣಿಕರ ಹಕ್ಕುಗಳು

ಸಂದರ್ಶನ, ಪರೀಕ್ಷೆ, ಚಿಕಿತ್ಸೆ, ದಾಖಲೆ ಪರಿಶೀಲನೆ ಮುಂತಾದ ಕಾರ್ಯಗಳಿಗಾಗಿ ನಿಗದಿತ ದಿನದಂದು ದೆಹಲಿಯಲ್ಲಿ ಹಾಜರಿರಬೇಕಾದ ಅರ್ಜಿದಾರರು ಟಿಕೆಟ್ ಕಾಯ್ದಿರಿಸುವ ಮುನ್ನ ಈ ಕೆಳಕಂಡ ವಿವರಗಳನ್ನು ಗಮನಿಸುವುದು.

ದೂರ

ಉಭಯ ನಗರಗಳೂ ಬಹುಮಟ್ಟಿಗೆ ಒಂದೇ ರೇಖಾಂಶದ ಮೇಲಿದ್ದು, ವಿಮಾನ ನಿಲ್ದಾಣಗಳ ಅಕ್ಷಾಂಶಗಳ ಅಂತರ ಸುಮಾರು 15.4 ಡಿಗ್ರಿ ಇರುತ್ತದೆ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.ನಂತೆ ನೇರ ದೂರವು ಸುಮಾರು 1,700 ಕಿ.ಮೀ. ಆಗುತ್ತದೆ. ರಸ್ತೆ ಮತ್ತು ರೈಲು ಮಾರ್ಗಗಳು ಸುತ್ತುಬಳಸಿ ಸಾಗುವುದರಿಂದ ಅವುಗಳ ದೂರ 2,000 ಕಿ.ಮೀ.ಗಳನ್ನು ಮೀರುತ್ತದೆ.

ಅವಧಿ

ನೇರ ವಿಮಾನದ ಅವಧಿಯು ಟಿಕೆಟ್‌ನಲ್ಲಿ ಸಾಮಾನ್ಯವಾಗಿ 2 ಗಂಟೆ 40 ನಿಮಿಷದಿಂದ 3 ಗಂಟೆಯವರೆಗೆ ನಮೂದಾಗಿರುತ್ತದೆ. ವಿಮಾನವು ನಿಂತ ಸ್ಥಳದಿಂದ ಹೊರಟು, ತಲುಪಿದ ನಿಲ್ದಾಣದಲ್ಲಿ ನಿಲ್ಲುವವರೆಗಿನ ಸಮಯ ಇದಾಗಿದ್ದು, ಆಕಾಶದಲ್ಲಿ ಹಾರುವ ಸಮಯ ಇದಕ್ಕಿಂತ ಕಡಿಮೆ ಇರುತ್ತದೆ.

ಆದರೆ ಮನೆಯಿಂದ ಕಚೇರಿಯವರೆಗಿನ ಒಟ್ಟು ಸಮಯವನ್ನು ಲೆಕ್ಕ ಹಾಕುವುದು ಅಗತ್ಯ:

1. ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ (ನಗರ ಕೇಂದ್ರದಿಂದ ಸುಮಾರು 35 ಕಿ.ಮೀ.) – ಒಂದೂವರೆ ಗಂಟೆ
2. ತಪಾಸಣೆ ಇತ್ಯಾದಿಗಳಿಗೆ – 2 ಗಂಟೆ
3. ವಿಮಾನ ಪ್ರಯಾಣ – ಸುಮಾರು 3 ಗಂಟೆ
4. ಸಾಮಾನು ಪಡೆದು ದೆಹಲಿ ನಗರ ತಲುಪಲು – ಒಂದೂವರೆ ಗಂಟೆ

ಹೀಗೆ ಒಟ್ಟು ಸುಮಾರು 8 ಗಂಟೆ ಬೇಕಾಗುತ್ತದೆ. ಎರಡೂ ನಿಲ್ದಾಣಗಳಲ್ಲಿ ಒಂದಕ್ಕಿಂತ ಹೆಚ್ಚು ಟರ್ಮಿನಲ್‌ಗಳಿರುವುದರಿಂದ ಟಿಕೆಟ್‌ನಲ್ಲಿರುವ ಟರ್ಮಿನಲ್ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಚಳಿಗಾಲದ ಮಂಜು

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ದೆಹಲಿಯಲ್ಲಿ ಮುಂಜಾನೆ ದಟ್ಟ ಮಂಜು ಕವಿಯುವುದರಿಂದ ವಿಮಾನಗಳು ತಡವಾಗುವ ಅಥವಾ ರದ್ದಾಗುವ ಸಂಭವವಿರುತ್ತದೆ. ಈ ಅವಧಿಯಲ್ಲಿ ಹಿಂದಿನ ದಿನವೇ ದೆಹಲಿ ತಲುಪುವುದು ಸೂಕ್ತ.

ಅವಧಿಗೆ ಅನುಗುಣವಾದ ಹಕ್ಕುಗಳು

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳ ಪ್ರಕಾರ ಪ್ರಯಾಣದ ಅವಧಿಯನ್ನು ಆಧರಿಸಿ ಪ್ರಯಾಣಿಕರ ಸೌಲಭ್ಯಗಳು ನಿರ್ಧಾರವಾಗುತ್ತವೆ.

- ಎರಡೂವರೆ ಗಂಟೆಗೆ ಮೇಲ್ಪಟ್ಟು 5 ಗಂಟೆಯವರೆಗಿನ ಪ್ರಯಾಣದಲ್ಲಿ ವಿಮಾನವು 3 ಗಂಟೆ ಅಥವಾ ಹೆಚ್ಚು ತಡವಾಗುವ ಸಂದರ್ಭದಲ್ಲಿ, ಸಮಯಕ್ಕೆ ಸರಿಯಾಗಿ ಹಾಜರಾದ ಪ್ರಯಾಣಿಕರಿಗೆ ಊಟೋಪಹಾರ ಒದಗಿಸತಕ್ಕದ್ದು. ಬೆಂಗಳೂರು–ದೆಹಲಿ ಪ್ರಯಾಣವು ಈ ವರ್ಗಕ್ಕೆ ಸೇರುತ್ತದೆ.
- ಸಕಾಲದಲ್ಲಿ ತಿಳಿಸದೆ ವಿಮಾನವನ್ನು ರದ್ದುಪಡಿಸಿದಲ್ಲಿ, 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ನಿಯಮದಂತೆ, 2 ಗಂಟೆಗೆ ಮೇಲ್ಪಟ್ಟ ಪ್ರಯಾಣಕ್ಕೆ ರೂ. 10,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಪರಿಹಾರವಾಗಿರುತ್ತದೆ.
- ಮಂಜಿನಂತಹ, ವಿಮಾನಯಾನ ಸಂಸ್ಥೆಯ ಹತೋಟಿ ಮೀರಿದ ಕಾರಣಗಳಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ವಿಮಾನಯಾನ ಸಂಸ್ಥೆಯು ಸಂದೇಶ ಕಳುಹಿಸಲು ಅನುಕೂಲವಾಗುವಂತೆ, ಪ್ರಯಾಣಿಕರು ಟಿಕೆಟ್ ಕಾಯ್ದಿರಿಸುವಾಗ ತಮ್ಮದೇ ದೂರವಾಣಿ ಸಂಖ್ಯೆಯನ್ನು ನೀಡತಕ್ಕದ್ದು. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಟ್ಟಿದ್ದು, ಪ್ರಯಾಣಕ್ಕೆ ಮುನ್ನ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.