ನಿಮಗಿದು ಗೊತ್ತೆ? ಔಟ್‌ಲುಕ್ ಕೈಬಿಟ್ಟ ಜರ್ಮನ್ ರಾಜ್ಯ

ಜರ್ಮನಿಯ ಉತ್ತರ ತುದಿಯಲ್ಲಿ, ಡೆನ್ಮಾರ್ಕ್ ಗಡಿಗೆ ತಾಗಿಕೊಂಡಿರುವ ರಾಜ್ಯ ಶ್ಲೆಸ್ವಿಗ್-ಹೋಲ್‌ಸ್ಟೈನ್. ಸರ್ಕಾರಿ ಕಚೇರಿಗಳ ಸುಮಾರು 30,000 ಕಂಪ್ಯೂಟರ್‌ಗಳಲ್ಲಿ ಮೈಕ್ರೋಸಾಫ್ಟ್ ಆಫೀಸ್ ಬದಲು ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ ಬಳಸಲು ಅಲ್ಲಿನ ಸಚಿವ ಸಂಪುಟ 2024ರಲ್ಲಿ ತೀರ್ಮಾನಿಸಿತು.

ಇಮೇಲ್ ಬದಲಾವಣೆಯೂ ಸಣ್ಣ ಕೆಲಸವಾಗಿರಲಿಲ್ಲ. 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳು, ಅವುಗಳೊಳಗಿನ 10 ಕೋಟಿಗೂ ಮೀರಿದ ಇಮೇಲ್ ಹಾಗೂ ಕ್ಯಾಲೆಂಡರ್ ನಮೂದುಗಳು ಮೈಕ್ರೋಸಾಫ್ಟ್‌ನ ಔಟ್‌ಲುಕ್ ಬಿಟ್ಟು ಓಪನ್-ಎಕ್ಸ್‌ಚೇಂಜ್ ಮತ್ತು ಥಂಡರ್‌ಬರ್ಡ್ ಎಂಬ ಮುಕ್ತ ತಂತ್ರಾಂಶಗಳಿಗೆ ಸ್ಥಳಾಂತರಗೊಂಡವು. 2025ರ ಅಕ್ಟೋಬರ್ ಹೊತ್ತಿಗೆ ಅದು ಮುಗಿಯಿತು. ಅಮೆರಿಕದ ಕಂಪನಿಗಳ ಮೇಲಿನ ಅವಲಂಬನೆ ತಗ್ಗಿಸಲು ಆರಿಸಿಕೊಂಡ ಥಂಡರ್‌ಬರ್ಡ್ ಹುಟ್ಟಿದ್ದೂ ಅಮೆರಿಕದಲ್ಲೇ. ಆದರೆ ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಯಾರ ಅಪ್ಪಣೆಗೂ ಕಾಯದೆ ತಿದ್ದಿಕೊಳ್ಳಬಹುದು. ನಿಜವಾದ ಸ್ವಾವಲಂಬನೆ ಇರುವುದು ಇಲ್ಲೇ.

ಇಷ್ಟೆಲ್ಲ ಶ್ರಮ ಏಕೆ? ಪರವಾನಗಿ ಶುಲ್ಕದ ಉಳಿತಾಯ ಒಂದು ಕಾರಣವಷ್ಟೆ. ಅಮೆರಿಕದಲ್ಲಿ 2018ರಲ್ಲಿ ಬಂದ ‘ಕ್ಲೌಡ್ ಆಕ್ಟ್’ ಎಂಬ ಕಾನೂನಿನ ಪ್ರಕಾರ, ಆ ದೇಶದ ಅಧಿಕಾರಿಗಳು ಕಾನೂನುಬದ್ಧ ಆದೇಶ ತಂದರೆ ಅಲ್ಲಿನ ಕಂಪನಿಗಳು ತಮ್ಮ ವಶದಲ್ಲಿರುವ ಮಾಹಿತಿಯನ್ನು ಕೊಡಬೇಕು. ಆ ಮಾಹಿತಿ ಇರುವ ಸರ್ವರ್ ಯುರೋಪಿನಲ್ಲೇ ಇದ್ದರೂ ಸರಿ. ಪ್ರಜೆಗಳ ತೆರಿಗೆ, ಪೊಲೀಸ್, ನ್ಯಾಯಾಲಯದ ದಾಖಲೆಗಳನ್ನು ಕಾಯಬೇಕಾದ ಸರ್ಕಾರ ಇದನ್ನು ಹಗುರವಾಗಿ ಕಾಣುವಂತಿಲ್ಲ.

ದಾರಿ ಸುಲಭದ್ದಲ್ಲ. ಜರ್ಮನಿಯದೇ ಆದ ಮ್ಯೂನಿಕ್ ನಗರಾಡಳಿತ 2003ರಲ್ಲೇ ವಿಂಡೋಸ್ ಬಿಟ್ಟು ಮುಕ್ತ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಕಡೆಗೆ ಹೊರಳಿ, ಸಾವಿರಾರು ಕಂಪ್ಯೂಟರ್‌ಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಫ್ರಾನ್ಸಿನ ಪೊಲೀಸ್ ಪಡೆ ‘ಜಾಂಡಾರ್ಮರಿ’ ಮಾತ್ರ ಹಿಂದೆ ಸರಿಯಲಿಲ್ಲ. 2005ರಲ್ಲಿ ಮುಕ್ತ ಕಚೇರಿ ತಂತ್ರಾಂಶವಾದ ಓಪನ್‌ಆಫೀಸ್ ಅಳವಡಿಸಿಕೊಂಡು, ಸಿಬ್ಬಂದಿಗೆ ಅದು ರೂಢಿಯಾದ ಮೇಲೆ ಉಬುಂಟು ಲಿನಕ್ಸ್‌ಗೆ ಕೈಹಾಕಿತು. ತನಗಾಗಿಯೇ ಹೊಂದಿಸಿಕೊಂಡ ಆ ಆವೃತ್ತಿಗೆ ಪಡೆ ಇಟ್ಟ ಹೆಸರು ‘ಜಾಂಡ್‌ಬುಂಟು’.