ಈಜುಗೊಳದಿಂದ ದೂರದರ್ಶನಕ್ಕೆ: ಡಾನಾ ಡಿ ವರೋನಾ ಅವರ ಜೀವನವೃತ್ತ

ಆಟಗಾರರ ಕೀರ್ತಿಯು ಅಲ್ಪಾಯುವೆಂಬುದು ಎಲ್ಲರೂ ಬಲ್ಲ ಸಂಗತಿ. ಕವಿಯು ಎಪ್ಪತ್ತರ ವಯಸ್ಸಿನಲ್ಲಿಯೂ ಕಾವ್ಯವನ್ನು ಬರೆಯಬಲ್ಲನು. ಗಾಯಕನ ವಿದ್ಯೆಯು ಐವತ್ತರ ಮೇಲೆ ಪಕ್ವವಾಗುವುದುಂಟು. ವೈದ್ಯನಿಗೆ ನರೆತ ತಲೆಯೇ ಒಂದು ಯೋಗ್ಯತಾಪತ್ರ. ಈಜುವವರ ಸ್ಥಿತಿ ಹಾಗಲ್ಲ. ಇತರರು ಜೀವನದ ಹೊಸ್ತಿಲನ್ನು ದಾಟುವ ವಯಸ್ಸಿಗೆ ಅವರ ಆಟವು ಮುಗಿದೇ ಹೋಗಿರುತ್ತದೆ. ಆ ಬಳಿಕ ಉಳಿಯುವ ದೀರ್ಘವಾದ ಆಯುಷ್ಯವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಗೆ ಪದಕಗಳು ಉತ್ತರವನ್ನು ಹೇಳಲಾರವು. ಹದಿನೇಳನೆಯ ವಯಸ್ಸಿನಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ಬಹು ಯೋಗ್ಯವಾದ ಉತ್ತರವನ್ನು ಕಂಡುಕೊಂಡ ಅಮೆರಿಕಾ ದೇಶದ ಮಹಿಳೆ ಡಾನಾ ಡಿ ವರೋನಾ ಅವರ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಾಲ್ಯ

ಡಾನಾ ಹುಟ್ಟಿದ್ದು ೧೯೪೭ನೆಯ ಇಸವಿ ಏಪ್ರಿಲ್ ೨೬ರಂದು, ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯೇಗೋ ಪಟ್ಟಣದಲ್ಲಿ. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಸಮೀಪದ ಲಾಫಯೆಟ್ ಎಂಬ ಊರಿನಲ್ಲಿ. ತಂದೆಯು ತನ್ನ ಕಾಲೇಜಿನ ದಿನಗಳಲ್ಲಿ ಫುಟ್‌ಬಾಲ್ ಆಡಿ ಹೆಸರು ಗಳಿಸಿದವನು; ಆದುದರಿಂದ ಮನೆಯಲ್ಲಿ ಆಟದ ಮಾತು ಹೊಸದಾಗಿರಲಿಲ್ಲ. ಆ ದೇಶದ ಹುಡುಗರಿಗೆ ಬೇಸ್‌ಬಾಲ್ ಎಂದರೆ ನಮ್ಮ ಹುಡುಗರಿಗೆ ಕ್ರಿಕೆಟ್ ಇದ್ದಂತೆ. ಡಾನಾಳ ಅಣ್ಣನು ಬಾಲಕರ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದನು. ತಂಗಿಗೂ ಆಡಬೇಕೆಂಬ ಹಂಬಲ. ಆದರೆ ಆ ಬಾಲಕಸಂಘದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆ ಬಾಗಿಲು ತೆರೆದದ್ದು ೧೯೭೪ರಲ್ಲಿ. ಹೀಗಾಗಿ ಹುಡುಗರು ಆಡಿ ಎಸೆದ ದಾಂಡುಗಳನ್ನು ಆಯ್ದು ಇಡುವ ಕೆಲಸವಷ್ಟೇ ಅವಳ ಪಾಲಿಗೆ ಬಂದಿತು. ಮೈದಾನದ ಅಂಚಿನಲ್ಲಿ ನಿಂತು ನೋಡುವುದು ಎಂತಹ ಕಷ್ಟವೆಂಬುದು ಅವಳಿಗೆ ಎಳವೆಯಲ್ಲಿಯೇ ತಿಳಿಯಿತು. ಮುಂದೆ ಆಕೆ ಕೈಗೊಂಡ ಕಾರ್ಯದ ಬೀಜವು ಅಲ್ಲಿಯೇ ಬಿದ್ದಿತೆಂದರೆ ತಪ್ಪಾಗದು.

ಅಷ್ಟರಲ್ಲಿ ಅಣ್ಣನ ಮೊಣಕಾಲಿಗೆ ಪೆಟ್ಟಾಯಿತು. ಕಾಲಿನ ಶಕ್ತಿ ಮರಳಲೆಂದು ಅವನು ಈಜಲು ಹೊರಟಾಗ ತಂಗಿಯೂ ಬೆನ್ನು ಹತ್ತಿದಳು. ಈಜುಗೊಳದಲ್ಲಿ ಹುಡುಗ, ಹುಡುಗಿ ಎಂಬ ತಡೆಯಿರಲಿಲ್ಲ. ಅಲ್ಲಿಂದ ಅವಳು ಸಾಂಟಾ ಕ್ಲಾರಾ ಈಜುಸಂಘಕ್ಕೆ ಬಂದು, ಜಾರ್ಜ್ ಹೇನ್ಸ್ ಎಂಬ ಸುಪ್ರಸಿದ್ಧ ಗುರುವಿನ ಕೈಕೆಳಗೆ ಅಭ್ಯಾಸ ನಡೆಸಿದಳು. ಒಲಿಂಪಿಕ್ ವಿಜೇತರನ್ನು ಸಾಲುಸಾಲಾಗಿ ಸಿದ್ಧಪಡಿಸಿದ ಗರಡಿ ಅದು.

ರೋಮ್ ನಗರದಲ್ಲಿ

ಡಾನಾಳಿಗೆ ಒಲಿದ ಸ್ಪರ್ಧೆಯು ೪೦೦ ಮೀಟರುಗಳ ಮೆಡ್ಲೆ, ಎಂದರೆ ಮಿಶ್ರ ಈಜು. ಇದರಲ್ಲಿ ಒಬ್ಬರೇ ನಾಲ್ಕು ವಿಧದ ಈಜುಗಳನ್ನು ತಲಾ ನೂರು ಮೀಟರಿನಂತೆ ಒಂದಾದಮೇಲೊಂದು ಈಜಬೇಕು. ಮೊದಲು ಎರಡು ತೋಳುಗಳನ್ನೂ ಒಟ್ಟಿಗೆ ನೀರಿನ ಮೇಲೆ ಬೀಸುವ ಬಟರ್‌ಫ್ಲೈ. ಬಳಿಕ ಅಂಗಾತ ಮಲಗಿ ಸಾಗುವ ಬ್ಯಾಕ್‌ಸ್ಟ್ರೋಕ್. ಮೂರನೆಯದು ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್. ಕೊನೆಗೆ ಈ ಮೂರನ್ನು ಬಿಟ್ಟು ಬೇರೆ ಬಗೆಯಲ್ಲಿ ಈಜುವ ಫ್ರೀಸ್ಟೈಲ್. ಒಂದರಲ್ಲಿ ಬಳಲಿದ ಸ್ನಾಯುಗಳಿಗೆ ವಿಶ್ರಾಂತಿ ದೊರೆಯುವ ಮೊದಲೇ ಮತ್ತೊಂದು ಪರೀಕ್ಷೆ ಎದುರಾಗುತ್ತದೆ. ಯಾವ ಒಂದರಲ್ಲಿ ದುರ್ಬಲರಾದರೂ ಉಳಿದ ಮೂರರ ಶ್ರಮವು ನೀರುಪಾಲಾಗುತ್ತದೆ. ಈಜುಗಾರರ ಸಮಗ್ರ ಸಾಮರ್ಥ್ಯಕ್ಕೆ ಇದಕ್ಕಿಂತ ಕಠಿಣವಾದ ಒರೆಗಲ್ಲು ಇನ್ನೊಂದಿಲ್ಲ.

೧೯೬೦ರ ಜುಲೈ ತಿಂಗಳಿನಲ್ಲಿ, ಹದಿಮೂರು ವರ್ಷದ ಈ ಹುಡುಗಿಯು ಈ ಸ್ಪರ್ಧೆಯನ್ನು ೫ ನಿಮಿಷ ೩೬.೫ ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದಳು. ನಮ್ಮ ದೇಶದ ಆರತಿ ಸಾಹಾ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮಾರನೆಯ ವರ್ಷದ ಮಾತು ಇದು. ಆದರೆ ವಿಧಿಯ ವಿನೋದವನ್ನು ನೋಡಿರಿ! ಆ ವರ್ಷದ ರೋಮ್ ಒಲಿಂಪಿಕ್ ಪಂದ್ಯಗಳಲ್ಲಿ ಈ ಸ್ಪರ್ಧೆಯನ್ನೇ ಇಟ್ಟಿರಲಿಲ್ಲ. ತಾನು ಜಗತ್ತಿಗೇ ಮೊದಲಿಗಳಾದ ಸ್ಪರ್ಧೆಯಿಲ್ಲದ ಕೂಟಕ್ಕೆ ಅವಳು ಹೋಗಬೇಕಾಯಿತು. ನಾಲ್ವರು ಸೇರಿ ಈಜುವ ರಿಲೇ ಸ್ಪರ್ಧೆಯ ಪ್ರಾಥಮಿಕ ಸುತ್ತಿನಲ್ಲಿ ಮಾತ್ರ ಅವಳಿಗೆ ಅವಕಾಶ ದೊರೆಯಿತು. ಅಂತಿಮ ಸುತ್ತಿನಲ್ಲಿ ಬೇರೆ ನಾಲ್ವರು ಈಜಿ ಸ್ವರ್ಣಪದಕವನ್ನು ಗೆದ್ದರು. ಪ್ರಾಥಮಿಕ ಸುತ್ತಿನವರಿಗೆ ಪದಕ ಕೊಡುವ ನಿಯಮ ಆಗ ಇರಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ಬಾಲೆಯು ಮತ್ತೆ ನಾಲ್ಕು ವರ್ಷಗಳ ತಪಸ್ಸಿಗೆ ಕುಳಿತಳು.

ಟೋಕಿಯೋ ನಗರದಲ್ಲಿ

ಆ ತಪಸ್ಸು ವ್ಯರ್ಥವಾಗಲಿಲ್ಲ. ೧೯೬೪ರ ಆಗಸ್ಟ್ ವೇಳೆಗೆ ಮಿಶ್ರ ಈಜಿನ ದಾಖಲೆಯನ್ನು ಅವಳು ೫ ನಿಮಿಷ ೧೪.೯ ಸೆಕೆಂಡುಗಳಿಗೆ ಇಳಿಸಿದ್ದಳು. ನಾಲ್ಕು ವರ್ಷಗಳಲ್ಲಿ ಇಪ್ಪತ್ತೊಂದು ಸೆಕೆಂಡಿಗಿಂತ ಹೆಚ್ಚಿನ ಉಳಿತಾಯ! ಕಾಲು ಸೆಕೆಂಡಿಗಾಗಿ ವರ್ಷಗಟ್ಟಲೆ ದುಡಿಯುವ ಈ ವಿದ್ಯೆಯಲ್ಲಿ ಇದೇನು ಅಲ್ಪವಾದ ಸಾಧನೆಯಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಟೋಕಿಯೋ ಒಲಿಂಪಿಕ್ ಪಂದ್ಯಗಳು ನಡೆದಾಗ ಮಿಶ್ರ ಈಜು ಮೊದಲ ಬಾರಿಗೆ ಪಟ್ಟಿಯಲ್ಲಿ ಸೇರಿತು. ಡಾನಾ ೫ ನಿಮಿಷ ೧೮.೭ ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಸ್ವರ್ಣಪದಕವನ್ನು ಗೆದ್ದಳು. ಎರಡನೆಯವಳಾಗಿ ಬಂದ ಅವಳ ದೇಶದವಳೇ ಆದ ಶರಾನ್ ಫಿನೆರನ್ ಐದು ಸೆಕೆಂಡಿಗಿಂತ ಹೆಚ್ಚು ಹಿಂದಿದ್ದಳು. ರೋಮಿನಲ್ಲಿ ಕೈತಪ್ಪಿದ ರಿಲೇ ಪದಕವೂ ಈ ಸಲ ದೊರೆಯಿತು. ಆಕೆಯಿದ್ದ ತಂಡವು ಹೊಸ ವಿಶ್ವದಾಖಲೆಯನ್ನೇ ಸ್ಥಾಪಿಸಿತು.

ಹದಿನೇಳರಲ್ಲಿ ಮುಚ್ಚಿದ ಬಾಗಿಲು

ಸಾಂಟಾ ಕ್ಲಾರಾ ಸಂಘದವನೇ ಆದ ಡಾನ್ ಶೋಲ್ಯಾಂಡರ್ ಎಂಬ ತರುಣನು ಅದೇ ಟೋಕಿಯೋದಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಗೆದ್ದನು. ಅವನು ಅಲ್ಲಿಂದ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿಯ ತಂಡದಲ್ಲಿ ಈಜುತ್ತ ವಿದ್ಯಾಭ್ಯಾಸವನ್ನೂ ಸಾಗಿಸಿ, ೧೯೬೮ರ ಮೆಕ್ಸಿಕೋ ಪಂದ್ಯಗಳಲ್ಲಿ ಮತ್ತೆ ಪದಕ ಗೆದ್ದನು. ಡಾನಾಳಿಗೆ ಅಂತಹ ದಾರಿಯೇ ಇರಲಿಲ್ಲ. ಗಂಡುಮಕ್ಕಳ ಈಜಿಗೆ ತಂಡ, ಗುರು, ವಿದ್ಯಾರ್ಥಿವೇತನಗಳನ್ನು ಒದಗಿಸುತ್ತಿದ್ದ ಅಮೆರಿಕಾದ ಕಾಲೇಜುಗಳು ಹೆಣ್ಣುಮಕ್ಕಳ ಈಜಿಗೆ ವಿದ್ಯಾರ್ಥಿವೇತನವನ್ನು ಕೊಡುತ್ತಿರಲಿಲ್ಲ. ಇಬ್ಬರೂ ಒಂದೇ ಗುರುವಿನ ಶಿಷ್ಯರು. ಒಂದೇ ನೀರಿನಲ್ಲಿ ಮಿಂದವರು. ಒಬ್ಬನಿಗೆ ಪದಕವು ಮುಂದಿನ ಬಾಗಿಲಿನ ಬೀಗದ ಕೈಯಾಯಿತು. ಇನ್ನೊಬ್ಬಳಿಗೆ ಅದೇ ಕೊನೆಯ ಮೆಟ್ಟಿಲಾಯಿತು. ೧೯೬೫ರಲ್ಲಿ, ಶಕ್ತಿಯು ಇನ್ನೂ ಏರುತ್ತಿದ್ದ ಕಾಲದಲ್ಲಿಯೇ, ಆಕೆ ಸ್ಪರ್ಧೆಗಳಿಂದ ನಿವೃತ್ತಳಾದಳು.

ದೂರದರ್ಶನದಲ್ಲಿ

ಆಗ ಅಮೆರಿಕಾದಲ್ಲಿ ದೂರದರ್ಶನವು ಮನೆಮನೆಯನ್ನೂ ಹೊಕ್ಕಿದ್ದಿತು. ಎ. ಬಿ. ಸಿ. ಎಂಬ ಪ್ರಸಾರಸಂಸ್ಥೆಯು ೧೯೬೧ರಿಂದ ‘ವೈಡ್ ವರ್ಲ್ಡ್ ಆಫ್ ಸ್ಪೋರ್ಟ್ಸ್’ ಎಂಬ ಕಾರ್ಯಕ್ರಮದಲ್ಲಿ ನಾನಾ ದೇಶಗಳ ನಾನಾ ಆಟಗಳನ್ನು ತೋರಿಸುತ್ತಿದ್ದಿತು. ೧೯೬೫ರಲ್ಲಿ ಆ ಸಂಸ್ಥೆಯವರು ಹದಿನೇಳು ವರ್ಷದ ಡಾನಾಳನ್ನು ಈಜುಸ್ಪರ್ಧೆಯ ವರದಿಗೆ ಕರೆದು, ಪ್ರಖ್ಯಾತ ನಿರೂಪಕ ಜಿಮ್ ಮೆಕೇ ಅವರ ಪಕ್ಕದಲ್ಲಿ ನಿಲ್ಲಿಸಿದರು. ಅಮೆರಿಕಾದ ರಾಷ್ಟ್ರವ್ಯಾಪಿ ದೂರದರ್ಶನದಲ್ಲಿ ಕ್ರೀಡಾ ನಿರೂಪಣೆ ಮಾಡಿದ ಮೊದಲ ಮಹಿಳೆ ಆಕೆಯೇ ಎಂದು ಗಣನೆಯಾಗಿದೆ.

ಈ ಕೆಲಸವನ್ನು ಸುಲಭವೆಂದು ಭಾವಿಸಬಾರದು. ಓಟದ ಸ್ಪರ್ಧೆಯಲ್ಲಿ ಓಡುವವರ ಮುಖವೂ ಕಾಲೂ ನೋಡುವವರಿಗೆ ಕಾಣುತ್ತವೆ. ಈಜಿನಲ್ಲಿ ನೀರು ಅರ್ಧ ಸಂಗತಿಯನ್ನು ಮುಚ್ಚಿಬಿಡುತ್ತದೆ. ಯಾರು ಗೋಡೆಯಿಂದ ಚೆನ್ನಾಗಿ ತಿರುಗಿದರು, ಯಾರ ತೋಳಿನ ಲಯ ಕೆಟ್ಟಿತು, ಮುಂದಿರುವವರು ಮುಂದಿನ ವಿಧದಲ್ಲಿ ಹಿಂದೆ ಬೀಳುವರೇ, ಇವನ್ನೆಲ್ಲ ಬಲ್ಲವರು ಕ್ಷಣಾರ್ಧದಲ್ಲಿ ಕಂಡು ಎರಡೇ ಮಾತಿನಲ್ಲಿ ಹೇಳಬೇಕು. ಹೆಚ್ಚು ಮಾತನಾಡಿದರೆ ಸ್ಪರ್ಧೆಯೇ ಮುಗಿದುಹೋಗುತ್ತದೆ. ಕಡಿಮೆ ಮಾತನಾಡಿದರೆ ನೋಡುವವರಿಗೆ ಬರಿಯ ನೊರೆ ಕಾಣುತ್ತದೆ. ಅದಲ್ಲದೆ, ಆಟದ ವಿಷಯದಲ್ಲಿ ಹೆಣ್ಣುಧ್ವನಿಯನ್ನು ಕೇಳಿ ಅಭ್ಯಾಸವೇ ಇರದ ಜನರ ಮುಂದೆ ಆಕೆ ಮಾತನಾಡಬೇಕಾಗಿದ್ದಿತು. ಗಂಡಸು ತಪ್ಪಿದರೆ ಅವನೊಬ್ಬನ ತಪ್ಪು; ಮೊದಲನೆಯ ಹೆಣ್ಣು ತಪ್ಪಿದರೆ ಅದು ಎಲ್ಲ ಹೆಂಗಸರ ಲೆಕ್ಕಕ್ಕೆ ಬರುತ್ತದೆ. ಆ ಭಾರವನ್ನು ಹೊತ್ತು, ಇತ್ತ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನು ಓದುತ್ತ, ಆಕೆ ಈ ವೃತ್ತಿಯಲ್ಲಿ ನೆಲೆಯೂರಿದರು. ೧೯೬೮ರ ಮೆಕ್ಸಿಕೋ ಒಲಿಂಪಿಕ್ ಪಂದ್ಯಗಳು ಮೊದಲಾಗಿ ಅನೇಕ ಪಂದ್ಯಾವಳಿಗಳನ್ನು ಅಮೆರಿಕಾದ ಜನರಿಗೆ ತೋರಿಸಿ ವಿವರಿಸಿದರು. ಬುದ್ಧಿಯ ಬೆಳವಣಿಗೆ ಕುಂಠಿತವಾದವರಿಗಾಗಿ ನಡೆಯುವ ವಿಶೇಷ ಒಲಿಂಪಿಕ್ ಕ್ರೀಡೆಗಳ ಒಬ್ಬ ಸ್ಪರ್ಧಿಯನ್ನು ಕುರಿತ ಅವರ ಕಾರ್ಯಕ್ರಮಕ್ಕೆ ೧೯೯೧ರಲ್ಲಿ ಎಮ್ಮಿ ಪ್ರಶಸ್ತಿ ಲಭಿಸಿತು.

ಕಂಠದ ಸದುಪಯೋಗ

ಕೇವಲ ತನ್ನ ವೃತ್ತಿಯಲ್ಲಿ ಮೇಲೇರಿದ ಕಥೆಯಾಗಿದ್ದರೆ ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವಿರಲಿಲ್ಲ. ತನಗೆ ಮುಚ್ಚಿದ ಬಾಗಿಲನ್ನು ಮುಂದಿನವರಿಗೆ ತೆರೆಯಿಸಬೇಕೆಂಬ ಸಂಕಲ್ಪವು ಡಾನಾ ಅವರಲ್ಲಿ ದೃಢವಾಗಿದ್ದಿತು. ೧೯೭೨ರ ಜೂನ್ ತಿಂಗಳಿನಲ್ಲಿ ಅಮೆರಿಕಾದಲ್ಲಿ ‘ಟೈಟಲ್ ನೈನ್’ ಎಂದು ಪ್ರಸಿದ್ಧವಾದ ಶಾಸನವು ಜಾರಿಗೆ ಬಂದಿತು. ಕೇಂದ್ರ ಸರ್ಕಾರದ ದ್ರವ್ಯಸಹಾಯವನ್ನು ಪಡೆಯುವ ಯಾವ ವಿದ್ಯಾಕಾರ್ಯದಲ್ಲಿಯೂ ಹೆಣ್ಣು ಗಂಡೆಂಬ ಭೇದದಿಂದ ಯಾರನ್ನೂ ಹೊರಗಿಡಕೂಡದೆಂಬುದು ಅದರ ಸಾರ. ಆಟವೂ ವಿದ್ಯೆಯ ಒಂದು ಭಾಗವಾದುದರಿಂದ, ಶಾಲೆ ಕಾಲೇಜುಗಳು ಹುಡುಗಿಯರಿಗೂ ಆಟದ ಅನುಕೂಲಗಳನ್ನು ಒದಗಿಸಬೇಕಾಯಿತು. ಶಾಸನವಾದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಹಣ ತರುವ ಆಟಗಳನ್ನು ಅದರಿಂದ ಬಿಡಿಸಬೇಕೆಂಬ ಪ್ರಯತ್ನಗಳೂ ನಡೆದವು. ಅಂತಹ ಸಮಯದಲ್ಲಿ ದೂರದರ್ಶನದಿಂದ ಪರಿಚಿತವಾದ ಮುಖವೂ ಮಾತಿನ ಅಭ್ಯಾಸವೂ ಉಪಯೋಗಕ್ಕೆ ಬಂದವು. ಡಾನಾ ಅವರು ರಾಜಧಾನಿಯಲ್ಲಿ ಶಾಸನಕರ್ತರನ್ನು ಕಂಡು ಶಾಸನದ ಪರವಾಗಿ ವಾದಿಸಿದರು. ಟೆನಿಸ್ ಆಟಗಾರ್ತಿ ಬಿಲ್ಲೀ ಜೀನ್ ಕಿಂಗ್ ಅವರು ೧೯೭೪ರಲ್ಲಿ ಆರಂಭಿಸಿದ ಮಹಿಳಾ ಕ್ರೀಡಾ ಪ್ರತಿಷ್ಠಾನದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾಗಿ, ೧೯೭೯ರಿಂದ ೧೯೮೪ರವರೆಗೆ ಅದರ ಮೊದಲ ಅಧ್ಯಕ್ಷಿಣಿಯಾಗಿ ದುಡಿದರು.

ಈ ಶಾಸನದ ಫಲವನ್ನು ಅಂಕಿಗಳೇ ಹೇಳುತ್ತವೆ. ೧೯೭೧-೭೨ರಲ್ಲಿ ಅಮೆರಿಕಾದ ಪ್ರೌಢಶಾಲೆಗಳ ಆಟದ ತಂಡಗಳಲ್ಲಿ ಹುಡುಗಿಯರ ಸಂಖ್ಯೆ ಮೂರು ಲಕ್ಷಕ್ಕೂ ತುಸು ಕಡಿಮೆ. ೨೦೧೮-೧೯ರಲ್ಲಿ ಅದು ಮೂವತ್ತನಾಲ್ಕು ಲಕ್ಷ.

ಕಷ್ಟಕಾಲ ಮತ್ತು ಜಯ

ಐವತ್ತರ ವಯಸ್ಸು ಸಮೀಪಿಸಿದ ಬಳಿಕ ಡಾನಾ ಅವರಿಗೆ ಇನ್ನೊಂದು ಪರೀಕ್ಷೆ ಬಂದಿತು. ೧೯೯೮ರಲ್ಲಿ ಎ. ಬಿ. ಸಿ. ಸಂಸ್ಥೆಯು ಅವರೊಡನೆ ಇದ್ದ ಕರಾರನ್ನು ಮುಂದುವರಿಸಲಿಲ್ಲ. ವಯಸ್ಸಿನ ಮತ್ತು ಸ್ತ್ರೀತ್ವದ ಕಾರಣದಿಂದ ತನ್ನನ್ನು ಕೈಬಿಟ್ಟರೆಂದು ಅವರು ೨೦೦೦ದಲ್ಲಿ ನ್ಯಾಯಾಲಯವನ್ನು ಮೊರೆಹೊಕ್ಕರು. ಎರಡು ವರ್ಷಗಳ ಬಳಿಕ ಉಭಯಪಕ್ಷಗಳಿಗೂ ರಾಜಿಯಾಯಿತು. ವಾದದ ಸರಿತಪ್ಪುಗಳ ವಿಚಾರ ಹಾಗಿರಲಿ. ದೂರದರ್ಶನದಲ್ಲಿ ಗಂಡಸಿನ ನರೆಯು ಗಾಂಭೀರ್ಯವೆನಿಸುವಾಗ ಹೆಂಗಸಿನ ನರೆಯು ಏನೆನಿಸುತ್ತದೆ ಎಂಬ ಪ್ರಶ್ನೆಯನ್ನು ಅವರು ಬಹಿರಂಗವಾಗಿ ಎತ್ತಿದರು. ಅದು ಈಗಲೂ ಯೋಚನೆಗೆ ಅರ್ಹವಾದುದು.

ಆದರೆ ಆ ಸಂಕಟದ ನಡುವೆಯೇ ಅವರ ಬಾಳಿನ ಒಂದು ದೊಡ್ಡ ದಿನವೂ ಬಂದಿತು. ೧೯೯೯ರಲ್ಲಿ ಅಮೆರಿಕಾದಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ವ್ಯವಸ್ಥಾಪಕ ಮಂಡಲಿಗೆ ಅವರೇ ಅಧ್ಯಕ್ಷರು. ಹೆಂಗಸರ ಆಟವನ್ನು ನೋಡಲು ದೊಡ್ಡ ಕ್ರೀಡಾಂಗಣ ತುಂಬೀತೇ ಎಂದು ಸಂಶಯಪಟ್ಟವರಿದ್ದರು. ಜುಲೈ ೧೦ರಂದು ರೋಸ್ ಬೌಲ್ ಕ್ರೀಡಾಂಗಣದಲ್ಲಿ ಅಮೆರಿಕಾ ಮತ್ತು ಚೀನಾ ತಂಡಗಳು ಅಂತಿಮ ಪಂದ್ಯವನ್ನಾಡಿದಾಗ ನೆರೆದವರು ೯೦,೧೮೫ ಮಂದಿ! ಪಂದ್ಯವು ಸಮಸಮನಾಗಿ ನಿಂತು, ಪೆನಾಲ್ಟಿ ಒದೆತಗಳಲ್ಲಿ ಅಮೆರಿಕಾ ತಂಡವು ೫-೪ರಿಂದ ಗೆದ್ದಿತು. ದಾಂಡುಗಳನ್ನು ಆಯ್ದಿಡಲು ಮಾತ್ರ ಅರ್ಹಳೆನಿಸಿದ್ದ ಹುಡುಗಿಯು ಆ ಜನಸಾಗರವನ್ನು ಕಂಡು ಎಷ್ಟು ಸಂತೋಷಪಟ್ಟಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ೧೯೬೯ರಲ್ಲಿಯೇ ಅಂತರರಾಷ್ಟ್ರೀಯ ಈಜುಗಾರರ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿದ್ದಿತು. ೨೦೦೩ರಲ್ಲಿ ಅಮೆರಿಕಾದ ರಾಷ್ಟ್ರೀಯ ಮಹಿಳಾ ಕೀರ್ತಿಮಂದಿರದಲ್ಲಿಯೂ ಸೇರಿತು.

ಗೃಹಸ್ಥರು ಗಮನಿಸತಕ್ಕುದು

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಎರಡು ಬುದ್ಧಿಮಾತುಗಳು ದೊರೆಯುತ್ತವೆ. ಒಂದು: ಮಕ್ಕಳ ಆಟದಲ್ಲಿ ಕಲಿತದ್ದಾವುದೂ ಆಟದೊಡನೆ ಮುಗಿಯುವುದಿಲ್ಲ. ನಾಲ್ಕು ವಿಧದ ಈಜಿನಲ್ಲಿ ಒಂದು ಮುಗಿದೊಡನೆ ಇನ್ನೊಂದಕ್ಕೆ ಹೊರಳುವ ಅಭ್ಯಾಸವೇ ಡಾನಾ ಅವರಿಗೆ ಬಾಳಿನಲ್ಲಿಯೂ ಒದಗಿತು. ಎರಡು: ಹುಡುಗಿಯರು ಹನ್ನೆರಡು ಹದಿಮೂರನ್ನು ದಾಟಿದೊಡನೆ ‘ಇನ್ನು ಆಟ ಸಾಕು’ ಎನ್ನುವುದು ನಮ್ಮಲ್ಲಿ ಅನೇಕ ಮನೆಗಳ ವಾಡಿಕೆ. ಜಗತ್ತಿನ ದಾಖಲೆಯನ್ನು ಡಾನಾ ಮುರಿದದ್ದು ಸರಿಯಾಗಿ ಆ ವಯಸ್ಸಿನಲ್ಲಿ. ಎಲ್ಲ ಹುಡುಗಿಯರೂ ಒಲಿಂಪಿಕ್ ಪದಕ ತರಬೇಕಾಗಿಲ್ಲ. ದೃಢವಾದ ಮೈ, ಸೋತರೂ ಕುಗ್ಗದ ಮನಸ್ಸು, ನಾಲ್ವರ ಮುಂದೆ ನಿಂತು ಅಂಜದೆ ಮಾತನಾಡುವ ಧೈರ್ಯ, ಇಷ್ಟನ್ನು ಗಳಿಸಿದರೂ ಸಾಕು. ಅವು ಹೆತ್ತವರು ಕೊಡುವ ಒಡವೆಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.